ಕುರಿಲೆಕ್ಕ

ನನ್ನ ಅಂಗಡಿಯಲ್ಲಿ ಮೊಳೆ ಸಿಗುತ್ತದೆ, ಹಗ್ಗ ಸಿಗುತ್ತದೆ,
ಗಾಳಿ ಕರುಣೆ ತೋರಿದ ದಿನ ಇಂಟರ್‌ನೆಟ್ಟೂ ಸಿಗುತ್ತದೆ.
ಅದಕ್ಕೇ ಬಂದ ಎಲೆಯುತೇರಿಯೊ ವೆಂಚೂರ್.
ಟೋಪಿ ತೆಗೆದು ತೊಡೆಯ ಮೇಲಿಟ್ಟು
ಡಾಕ್ಟರ ಮುಂದೆ ಕೂತವನ ಹಾಗೆ ಕೂತ.

"ಇಸ್ಮೇನಿಯಾ, ನ್ಯೂಜಿಲೆಂಡಿಗೆ ಹೋಗಬೇಕು.
ಇನ್ವರ್ಕಾರ್ಗಿಲ್ ಅಂತ. ತುಪ್ಪಟ ಕತ್ತರಿಸುವ ಪಂದ್ಯ.
ಅಗ್ಗವೂ ಇರಬೇಕು, ಸಲೀಸೂ ಇರಬೇಕು."

ಅಗ್ಗ, ಸಲೀಸು:
ಒಂದೇ ಬೇಲಿಯೊಳಗೆ ನಿಲ್ಲದ ಎರಡು ಟಗರು.
ಹೇಳಲಿಲ್ಲ. ಹುಡುಕತೊಡಗಿದೆ.

ನಮ್ಮೂರು ಪೊರ್ವೆನೀರ್.
ಹಾಗೆಂದರೆ ಮುಂದೆ ಬರಲಿರುವುದು;
ಬಂದದ್ದನ್ನು ನಾನಂತೂ ಕಂಡಿಲ್ಲ.
ಇಲ್ಲಿಂದ ತೆಂಕಕ್ಕೆ ಇಳಿದು, ಹಿಮದ ಮಂಡೆ ಸವರಿ
ಆಚೆ ಹತ್ತಿದರೆ ಅದೇ ಇನ್ವರ್ಕಾರ್ಗಿಲ್.
ಕಡಲಹಕ್ಕಿಗೆ ಟಿಕೆಟ್ಟು ಬೇಕಿಲ್ಲ, ಅದಕ್ಕೆ ದಾರಿ ಗೊತ್ತು.
ಮನುಷ್ಯ ಮಾತ್ರ ಮೊದಲು ಸಾಂತಿಯಾಗೊಗೆ,
ಅಂದರೆ ಬೆನ್ನು ತಿರುಗಿಸಿ, ಬಡಗಕ್ಕೆ.

ಮೊದಲನೆಯದು: ಸಾಂತಿಯಾಗೊ, ಅಲ್ಲಿಂದ ನೇರ ಆಕ್ಲೆಂಡ್.
ಬೆಲೆ ಓದಿದೆ. ಅವನು ಕಿವಿಯಿಂದ ಪೆನ್ಸಿಲ್ ತೆಗೆದು
ಮೊಳೆಯ ಪೊಟ್ಟಣದ ಮೇಲೆ ಭಾಗಾಕಾರ ಮಾಡಿದ.
"ಸಾವಿರದ ನೂರು ಕುರಿ" ಅಂದ.
ಪೆಸೊ ಅವನಿಗೆ ಅರ್ಥವಾಗುವುದು ಹೀಗೇ,
ಒಂದೊಂದಾಗಿ, ಮೊಣಕಾಲ ನಡುವೆ ಒದೆಯುತ್ತ.

ಎರಡನೆಯದು: ಸಾಂತಿಯಾಗೊ, ಸಾವೊ ಪಾವ್ಲೊ, ದೋಹಾ, ಆಕ್ಲೆಂಡ್.
ಅರವತ್ತೊಂದು ಗಂಟೆ. ಕೊಂಕಣ ಸುತ್ತಿ ಮೈಲಾರಕ್ಕೆ.
ಆರುನೂರ ನಲವತ್ತು ಕುರಿ.

ಮೂರನೆಯದು ಸಿಡ್ನಿಯ ಮೇಲೆ, ಎರಡು ಬೇರೆ ಬೇರೆ ಟಿಕೆಟ್ಟು.
ನಡುವೆ ಒಂದು ಗಂಟೆ ಇಪ್ಪತ್ತೈದು ನಿಮಿಷ;
ಪೆಟ್ಟಿಗೆ ನೀನೇ ಇಳಿಸು, ನೀನೇ ಹೊರು, ನೀನೇ ಮತ್ತೆ ಒಪ್ಪಿಸು.
ತಪ್ಪಿದರೆ ಇವರು ಅವರ ಕಡೆ ಕೈ ತೋರಿಸುತ್ತಾರೆ,
ಅವರು ಇವರ ಕಡೆ.
"ಬೇಡ" ಅಂದ. "ನನ್ನ ಮಾವಂದಿರೂ ಹಾಗೇ."

ಲೆಕ್ಕ ಮುಗಿಸುವುದರೊಳಗೆ ಪರದೆ ಮಿನುಗಿತು,
ನಲವತ್ತು ಕುರಿ ಬೇಲಿ ಹಾರಿ ಹೋದವು.
"ಯಾರು ಅಟ್ಟಿದ್ದು?" ಅಂತ ಕೇಳಿದ.
ಏನು ಹೇಳಲಿ?

ಬಾಚಣಿಗೆ, ಅಲಗು ಕೈಚೀಲದಲ್ಲಿ ಬಿಡುವುದಿಲ್ಲ ಅಂದೆ,
ಪೆಟ್ಟಿಗೆಗೆ ಐವತ್ತೈದು ಕುರಿ ಬೇರೆ.
"ಅಲಗಿಲ್ಲದೆ ಹೋಗಿ ಏನು, ಕುರಿಗೆ ಮುತ್ತು ಕೊಡಲೇ?"

ಆಮೇಲೆ ನಾನು ಕೇಳಲೇಬೇಕಾದದ್ದು ಕೇಳಿದೆ: ಫೆರಿ?
ಯಾವ ಪರದೆಯೂ ತೋರಿಸದ ಮೊದಲ ಸಂಪರ್ಕ ಅದು.
ಜಲಸಂಧಿಯಲ್ಲಿ ಗಾಳಿ ಎದ್ದರೆ ಹಡಗು ಕದಲುವುದಿಲ್ಲ,
ಹಡಗು ಕದಲದಿದ್ದರೆ ಸಾಂತಿಯಾಗೊ ಇಲ್ಲ,
ಒಂದು ಹೊಲಿಗೆ ಬಿಚ್ಚಿದರೆ ಸ್ವೆಟರೇ ಬಿಚ್ಚಿತು.
"ಎರಡು ದಿನ ಮುಂಚೆ ದಾಟುತ್ತೇನೆ. ಸೋದರತ್ತೆಯ ಮಗ
ಉಣ್ಣೆ ಗೋದಾಮಿನ ಕಾವಲುಗಾರ. ಮೂಟೆ ಮೆತ್ತಗಿರುತ್ತದೆ."

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ;
ಈ ಸೀಟಿಗೆ ಕಾಲನ್ನು ಮನೆಯಲ್ಲೇ ಬಿಟ್ಟು ಹೋಗಬೇಕು.
ಮೂವತ್ತು ವರ್ಷ ಬಗ್ಗಿದ ಸೊಂಟ ಅವನದು.
ಕುರ್ಚಿಯಿಂದ ಏಳುವಾಗ ನನ್ನ ಮೇಜನ್ನು ಹಿಡಿಯುತ್ತಾನೆ.

ಬಹಳ ಹೊತ್ತು ಸುಮ್ಮನಿದ್ದ. ಒಲೆಗೆ ಕಟ್ಟಿಗೆ ಹಾಕಿದೆ.

"ಹೋಗುವಾಗ ದುಬಾರಿಯದು ಹಾಕು" ಅಂದ ಕೊನೆಗೆ.
"ಪಂದ್ಯಕ್ಕೆ ಸೊಂಟ ಬೇಕು.
ಬರುವಾಗ ಅಗ್ಗದ್ದು. ಆಗ ಸೊಂಟ ಯಾರಿಗೆ ಬೇಕು?"

ನಾನು ಗೋಡೆಯ ನಕಾಶೆ ನೋಡಿದೆ.
ಪಡುವಲಿಗೆ ಹೋಗಿ, ಪಡುವಲಿಗೇ ಮುಂದುವರಿದು,
ದೋಹಾ ದಾಟಿ, ಸಾವೊ ಪಾವ್ಲೊ ದಾಟಿ, ಇದೇ ಬಾಗಿಲಿಗೆ.
"ಭೂಮಿಗೆ ಒಂದು ಸುತ್ತು ಹಾಕುತ್ತೀಯಲ್ಲೋ" ಅಂದೆ.
ನಮ್ಮ ಜಲಸಂಧಿಗೆ ತನ್ನ ಹೆಸರು ಬಿಟ್ಟುಹೋದವನೂ
ಅಗ್ಗದ ದಾರಿ ಹುಡುಕುತ್ತಲೇ ಬಂದಿದ್ದ;
ಸುತ್ತು ಮುಗಿಸಲಿಲ್ಲ, ನಡುದಾರಿಯಲ್ಲೇ ಸತ್ತ.
ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ.

"ಸುತ್ತಿದ್ದಕ್ಕೆ ಬೇರೆ ದುಡ್ಡೇ?" ಅಂದ.
ಇಲ್ಲ ಅಂದೆ. ಗುಂಡಿ ಒತ್ತಿದೆ.
ಪರದೆಯ ಮೇಲೆ ಸಣ್ಣದೊಂದು ಚಕ್ರ ತಿರುಗತೊಡಗಿತು.
ತಗಡಿನ ಮಾಡು ಗಾಳಿಗೆ ಒಮ್ಮೆ ಎದ್ದು ಕೂತಿತು.
ನಾವಿಬ್ಬರೂ ಉಸಿರು ಬಿಗಿಹಿಡಿದು
ಆ ಚಕ್ರವನ್ನೇ ನೋಡುತ್ತಿದ್ದೆವು.