ಪ್ರಯೋಗ ಸಂಖ್ಯೆ ಏಳು

ಮನೋವಿಜ್ಞಾನ ಸಂಘದ ತೆರೆದ ಪ್ರಯೋಗಾಲಯದ ದಿನ
ಬಿ.ಎ. ಎರಡನೇ ವರ್ಷದ ನಮಗೆ ಸಿಕ್ಕಿದ್ದು
ಸೈಕಲ್ ಸ್ಟ್ಯಾಂಡಿನ ಪಕ್ಕದ ಕೋಣೆ,
ರಾಯಚೂರಿನ ಮಾರ್ಚಿಗೆ ಒಂದೇ ಫ್ಯಾನು,
ಎರಡು ಸ್ಟಾಪ್‌ವಾಚು (ಒಂದು ನಿಂತದ್ದು),
ಮತ್ತೆ ಕನ್ನಡಿ ನೋಡಿ ನಕ್ಷತ್ರ ತಿದ್ದುವ ಹಲಗೆ.

ಕೈ ನೇರ ಕಾಣದು. ಕನ್ನಡಿಯಲ್ಲಷ್ಟೇ.
ಮೇಲೆ ಹೋಗೆಂದರೆ ಪೆನ್ಸಿಲ್ಲು ಕೆಳಗೆ ಜಾರುತ್ತದೆ.
ಕಾಮರ್ಸಿನ ಹುಡುಗರು ಬೆವೆತರು, ನಕ್ಕರು.
ಪ್ರಿನ್ಸಿಪಾಲರು ಇಪ್ಪತ್ಮೂರು ತಪ್ಪು ಮಾಡಿ
ಪೆನ್ಸಿಲ್ಲೇ ಸರಿಯಿಲ್ಲ ಅಂದರು.

"ಹೊರಗಿನವರೊಬ್ಬರನ್ನ ಕರಕೊಂಡು ಬರ್ರಿ," ತಬಸ್ಸುಮ್ ಮೇಡಂ ಹೇಳಿದ್ದರು,
"ಚಲೋ ವರದಿ ಬರೆದವರ ಹೆಸರು
ಬೇಸಿಗೆ ತರಬೇತಿಗೆ, ದೊಡ್ಡಾಸ್ಪತ್ರೆಗೆ."
ಮಂಗಳವಾರ, ಅಂಗಡಿ ರಜೆ. ಅಪ್ಪನನ್ನು ಕರೆತಂದೆ:
ಇಸ್ತ್ರಿ ಅಂಗಿ, ಜೇಬಿನಿಂದ ಇಣುಕುವ ಬಾಚಣಿಗೆ.
ನಮೂನೆಯಲ್ಲಿ ಉದ್ಯೋಗದ ಎದುರು
'ಸ್ವಂತ ವ್ಯಾಪಾರ' ಎಂದು ಬರೆದೆ, ಬೇಗ.

ಅಪ್ಪ ಕೂತ. ಕನ್ನಡಿಯನ್ನೊಮ್ಮೆ ಅಂಗೈಯಿಂದ ಒರೆಸಿದ.
ಆರು ಮೂಲೆ, ಮೂವತ್ತೆಂಟು ಸೆಕೆಂಡು,
ಒಂದೇ ತಪ್ಪು. ಅದೂ ಫ್ಯಾನಿನ ಗಾಳಿಗೆ ಹಾಳೆ ಎದ್ದಾಗ.

"ಇದು ಹ್ಯಾಂಗ್ರಿ?"
"ತೀನ್ ಕಂದೀಲಿನಾಗ ನಂದು ಕಟಿಂಗ್ ಅಂಗಡಿ ಅದರೀ.
ಇಪ್ಪತ್ತಾರು ವರ್ಷಾತು,
ಕನ್ನಡ್ಯಾಗ ನೋಡಕೋತನೇ ಮಂದಿ ಮಾರಿ ತಿದ್ದೀನಿ."

ಕೋಣೆಯಲ್ಲಿ ಚಪ್ಪಾಳೆ. ಮಂಜುಳವ್ವ, ರಫಿಯಾ,
ಲೆಕ್ಕ ಬರೆಯುತ್ತಿದ್ದ ಹನುಮೇಶನೂ ಎದ್ದು ನಿಂತ.

ಪೂರ್ವ ಕಲಿಕೆಯ ವರ್ಗಾವಣೆ,
ಪಾಠದ ಆ ಮಾತನ್ನು ವರದಿಯಲ್ಲಿ ಆಮೇಲೆ ಬರೆದೆ.
ಮೊದಲು ನಮೂನೆ ಹೊರತೆಗೆದು
ಉದ್ಯೋಗದ ಎದುರಿನ ಎರಡು ಪದ ಹೊಡೆದುಹಾಕಿದೆ.
ಕೈ ನೇರವಾಗಿಯೇ ಕಾಣುತ್ತಿತ್ತು.
ಆದರೂ ಗೆರೆ ಸೊಟ್ಟಾಯಿತು.