ಬರಿಗಾಲಿನವರು ಬರುವ ಮುನ್ನ

ನನ್ನ ಕೈಗೆ ಕೊಟ್ಟ ಚೀಟಿಯಲ್ಲಿ ಐದು ಜಾಗ, ಐದು ಹೊತ್ತು.
ಕೆಳಗೆ ಬದ್ರಿ ಸಾಹೇಬರ ರುಜು:
ಕುಣಿಯುವವರು ಬರಿಗಾಲಿನವರು, ಗಾಜು ಇರಕೂಡದು.

ಇಪ್ಪತ್ತೆರಡು ವರ್ಷ ತಿಬಿಲಿಸಿಯ ಬೀದಿ ಗುಡಿಸಿದ್ದೇನೆ.
ಈ ಊರಿನ ಮುಖ ನೋಡಿದ್ದು ಕಡಿಮೆ,
ಅಂಗಾಲು ಬಲ್ಲೆ.
ಎಲ್ಲಿ ಹಾಸುಗಲ್ಲು ಅಲುಗುತ್ತದೆ,
ಶನಿವಾರ ರಾತ್ರಿ ಯಾವ ಮೆಟ್ಟಿಲ ಮೇಲೆ ಬಾಟಲಿ ಒಡೆಯುತ್ತದೆ,
ಒಡೆದವನ ಹೆಸರೂ ಒಮ್ಮೊಮ್ಮೆ.

ಮೊದಲು ಒಣಸೇತುವೆಯ ಸಂತೆ.
ಸತ್ತವರ ಪದಕ, ಜೋಡಿ ತಪ್ಪಿದ ಚಮಚ, ತೂಗುದೀಪದ ಹರಳು
ಚಾದರದ ಮೇಲೆ ಹರಡಿ ಕೂತ ಮುದುಕರ ನಡುವೆ
ಇಬ್ಬರು ಹುಡುಗರು ಒಬ್ಬರನ್ನೊಬ್ಬರು
ಹೊತ್ತರು, ಇಳಿಸಿದರು, ಮತ್ತೆ ಹೊತ್ತರು,
ಬೆಲೆ ಕುದುರದ ಬೀರುವಿನ ಹಾಗೆ.
ಮುದುಕನೊಬ್ಬ ಕೇಳಿಯೇಬಿಟ್ಟ: ಎಷ್ಟಕ್ಕೆ?

ಆಮೇಲೆ ಗಂಧಕದ ಸ್ನಾನಗೃಹದ ಗುಮ್ಮಟಗಳು.
ಕೆಳಗೆ ಜನ ಬೆತ್ತಲೆ ಬೇಯುತ್ತಿದ್ದರು,
ಮೇಲೆ ಇವರು ಬೆಕ್ಕಿನ ಹಾಗೆ ನಡೆದರು.
ಹಬೆಯ ಕಂಡಿಯಿಂದ ಬೈಗುಳವೊಂದು ಮೇಲೆದ್ದು ಬಂತು, ತೊಳೆದಂತಿತ್ತು.
ಕೊಳೆತ ಮೊಟ್ಟೆಯ ವಾಸನೆಗೆ ಮೂಗು ಹಿಡಿದ ಜನಕ್ಕೆ
ಚಪ್ಪಾಳೆಗೆ ಒಂದು ಕೈ ಸಾಲದಾಯಿತು.

ಮೂರನೆಯದು ರಸ್ತೆಯಡಿಯ ಸುರಂಗದಲ್ಲಿ.
ನಾನು ನೋಡಲಿಲ್ಲ, ಪೊರಕೆಯ ಹಿಡಿ ಕಿತ್ತು ಬಂದಿತ್ತು.
ನಾಲ್ಕನೆಯದಕ್ಕೆ ಪರವಾನಗಿ ಸಿಗಲಿಲ್ಲ.
ಆದರೂ ಗುಡಿಸಿದೆ,
ಚೀಟಿಯಲ್ಲಿತ್ತಲ್ಲ.

ಐದನೆಯದು ಬೆಟ್ಟದ ಮಗ್ಗುಲಿನ ಆ ಎತ್ತರದ ವಠಾರ,
ಕಟ್ಟಡದಿಂದ ಕಟ್ಟಡಕ್ಕೆ ಗಾಳಿಯಲ್ಲಿ ಚಾಚಿದ ಸೇತುವೆ.
ಲಿಫ್ಟಿಗೆ ಕಾಸು ಹಾಕಿದರೆ ಮಾತ್ರ ಏರುತ್ತದೆ.
ನನ್ನ ಕಾಸು ಹಾಕಿ, ನನ್ನ ಬಕೆಟ್ಟು ಹೊತ್ತು ಏರಿದೆ.
ಆ ಹುಡುಗಿ ಆಗಲೇ ಅಲ್ಲಿದ್ದಳು, ಗ್ವಾಂತ್ಸಾ,
ಮೊಣಕಾಲಿಗೆ ಪಟ್ಟಿ ಸುತ್ತುತ್ತಾ.
"ತ್ಸಿಯಾಲಾ ಚಿಕ್ಕಮ್ಮ, ಇಲ್ಲಿ
ಎಲ್ಲಿ ಬಿದ್ದರೆ ನೋವು ಕಡಿಮೆ?"

ಅಂಥ ಪ್ರಶ್ನೆಯನ್ನು
ನನ್ನನ್ನು ಯಾರೂ ಕೇಳಿರಲಿಲ್ಲ.
ಕಂಬಿಯ ಪಕ್ಕ, ಮಳೆನೀರು ನಿಂತು ನಿಂತು
ಸಿಮೆಂಟು ಸವೆದ ಕಡೆ ಬೆರಳು ತೋರಿಸಿದೆ.

ಅಲ್ಲೇ ಬಿದ್ದಳು. ಹನ್ನೊಂದು ಸಲ.
ಬಟ್ಟೆ ಒಣಹಾಕುತ್ತಿದ್ದವರು ಕ್ಲಿಪ್ಪು ಬಾಯಲ್ಲೇ ಕಚ್ಚಿ ನಿಂತರು.
ಹನ್ನೆರಡನೆಯ ಸಲ ಬೀಳಲಿಲ್ಲ,
ಒಂದು ಕಾಲೂರಿ ಹಾಗೇ ನಿಂತಳು, ಗಾಳಿ ಅವಳನ್ನು ದೂಡುತ್ತಿತ್ತು,
ನಡೆದಳು.
ನಡೆದ ದಾರಿಯುದ್ದಕ್ಕೂ ಕೆಂಪು ಹಿಮ್ಮಡಿ, ಕೆಂಪು ಹಿಮ್ಮಡಿ.
ಜನ ಉಸಿರು ಬಿಗಿಹಿಡಿದರು.
ಬಣ್ಣ ಎಂದುಕೊಂಡರು.

ನಾನೊಬ್ಬಳೇ ಬಲ್ಲೆ.
ಹಸಿರು ಗಾಜು, ಬೇಳೆಕಾಳಿಗಿಂತ ಸಣ್ಣದು.

ಬದ್ರಿಗೆ ಹೇಳಬೇಡ ಎಂದಳು, ಪಿನ್ನಿನಿಂದ ಕೀಳುತ್ತಾ,
ನನ್ನ ಹೆಗಲ ಮೇಲೆ ಒಂದು ಕೈಯಿಟ್ಟು.
ಹೇಳಲಿಲ್ಲ.

ಮರುದಿನ ಬೆಳಕು ಹರಿಯುವ ಮೊದಲೇ ಹೋಗಿ
ಕಲೆ ತೊಳೆದೆ. ಕೆಲಸ ಅಂದರೆ ಕೆಲಸ.
ಆಮೇಲೆ ಅನುಮಾನ ಬಂತು, ಇನ್ನೊಂದು ಚೂರು ಉಳಿದಿದ್ದರೆ?
ಕಣ್ಣು ನಂಬುವ ವಯಸ್ಸಲ್ಲ.
ಬೂಟು ಬಿಚ್ಚಿದೆ, ಎರಡು ಜೊತೆ ಉಣ್ಣೆ ಚೀಲ ಬಿಚ್ಚಿದೆ,
ಕಂಬಿ ಹಿಡಿದು
ಅಂಗಾಲಿನಿಂದ ನೆಲ ಸವರುತ್ತಾ ಒಂದೊಂದೇ ಅಡಿ,
ಮುಂದೆ, ಪಕ್ಕಕ್ಕೆ, ತುಸು ಹಿಂದೆ.
ಥೂ, ಎಂಥ ತಣ್ಣಗೆ!

ಲಿಫ್ಟಿನ ಬಾಗಿಲಲ್ಲಿ ಪಾಳಿಗೆ ಹೊರಟವನೊಬ್ಬ
ಬೆರಳ ಸಂದಿಯಲ್ಲಿ ಕಾಸು ಹಿಡಿದು ನಿಂತಿದ್ದ.
ಬಾಗಿಲು ತೆರೆಯಿತು, ಮುಚ್ಚಿತು,
ಬರಿದೇ ಇಳಿದುಹೋಯಿತು.

ಏನಯ್ಯಾ ನೋಡ್ತೀಯ, ಎಂದೆ,
ಗಾಜು ಹುಡುಕ್ತಿದೀನಿ.

ಅವನು ಟೊಪ್ಪಿ ತೆಗೆದ.