ಹೊಳ್ಳಿಸಿದವರು ಯಾರು

ಬೆಟಗೇರಿಯಿಂದ ಆರೂವರೆ ಬಸ್ಸಿಗೆ ಬಂದಿದ್ದಳು ಬನವ್ವ ಚಳಗೇರಿ.
ಎಣ್ಣೆ ಹಚ್ಚದೆ ಬನ್ನಿ ಎಂದದ್ದಕ್ಕೆ
ಸೀಗೆಕಾಯಿ ಹಾಕಿ ತಿಕ್ಕಿದ ತಲೆ, ಇನ್ನೂ ಹಸಿ.
ಧಾರವಾಡದ ಆಸ್ಪತ್ರೆಯ ಹಿಂದಿನ ಕತ್ತಲಕೋಣೆಯಲ್ಲಿ
ಕೂದಲು ಬಿಡಿಸಿ ಬಿಡಿಸಿ ನಾನು ತಂತಿ ಅಂಟಿಸುತ್ತಿದ್ದೆ.

‘ಏನ್ ಹುಡುಕಾಕತ್ತೀರಿ ಇದರಾಗ?’
ಅರಿವು, ಎಂದೆ.
‘ಅರಿವೀನಾ? ಮೊದ್ಲ ಹೇಳಬಾರದೇನ್ರಿ,
ನಲವತ್ತು ವರ್ಷ ನೇಯ್ದೀನಿ.’
ತಿದ್ದಲಿಲ್ಲ ನಾನು.
ಮೂವತ್ತೆರಡು ತಂತಿ. ಹಣಿಗೆಯ ಎಳೆ ನೋಡಿದ ಹಾಗೆ
ಬೆರಳಲ್ಲೇ ಎಣಿಸಿದಳು, ಒಂದು ಸಡಿಲಾಗಿದೆ ಎಂದಳು.
ಆಗಿತ್ತು.

ಎಡಗಣ್ಣಿಗೆ ಕೆಂಪು ಉದ್ದಗೆರೆ, ಬಲಗಣ್ಣಿಗೆ ಹಸಿರು ಅಡ್ಡಗೆರೆ.
ಕಂಡದ್ದು ಬದಲಾದಾಗ ಗುಂಡಿ ಒತ್ತಬೇಕು, ಅಷ್ಟೇ ಕೆಲಸ.
‘ಬರೇ ಹಾಸು’ ಎಂದಳು.
ತುಸು ಹೊತ್ತಿಗೆ, ‘ಈಗ ಬರೇ ಹೊಕ್ಕು.
ಹಾಸು ಎಲ್ಲಿ ಹೋತ್ರಿ?’
ಎಲ್ಲೂ ಹೋಗಿಲ್ಲ ಅಮ್ಮಾ, ಅಲ್ಲೇ ಇದೆ.
‘ಅಲ್ಲೇ ಐತಿ, ಕಾಣವಲ್ದು.
ಎರಡೂ ಕೊಟ್ಟೀರಿ, ನೇಯವಲ್ದಲ್ಲ ಈ ತಲಿ!’
ಒಂದು ಮೂಲೆಯಿಂದ ತೇವ ಏರಿದಂತೆ ಹಸಿರು ಹಬ್ಬುವುದನ್ನು
ಕಣ್ಣಲ್ಲೇ ಗದರಿಸಿ ನಿಲ್ಲಿಸಲು ನೋಡಿದಳು;
ಎರಡು ಉಸಿರು ತಡೆಯಿತು, ಆಮೇಲೆ ನುಗ್ಗಿತು.

‘ಧೂಪಛಾವಿ ಸೀರಿ ಹೊಳ್ಳಿಸಿದರ ಬಣ್ಣ ಬದಲಾಗತೈತಿ.
ಇಲ್ಲಿ ನಾ ಹೊಳ್ಳಿಸಿಲ್ಲ, ನೀವೂ ಹೊಳ್ಳಿಸಿಲ್ಲ.
ಮತ್ತ ಯಾರು?’

ಪರದೆಯ ಮೇಲೆ ನನಗೆ ಕಾಣುತ್ತಿತ್ತು, ಒಮ್ಮೊಮ್ಮೆ:
ಆಕೆಯ ಹೆಬ್ಬೆರಳು ಅಲುಗುವ ಮೊದಲು,
ಅರೆ ಸೆಕೆಂಡು ಮೊದಲು,
ನೆತ್ತಿಯ ಬಲಕ್ಕೆ ಒಂದು ಗೆರೆ ಮೈಮುರಿದು ಏಳುವುದು.
ಬನವ್ವನಿಗಿಂತ ಮುಂಚೆ ನನಗೆ ಗೊತ್ತು
ಬನವ್ವನಿಗೆ ಬೇರೆ ಏನೋ ಕಾಣಲಿದೆ ಎಂದು.
ಇದನ್ನು ಯಾವ ಬಾಯಿಂದ ಹೇಳುವುದು ಆಕೆಗೆ?
ನೀರು ಬೇಕೇ, ಎಂದು ಕೇಳಿದೆ.

ಲೆಕ್ಕ: ಹಾಸು ನಲವತ್ತೊಂದು, ಹೊಕ್ಕು ನಲವತ್ತು.
ಎರಡೂ ಗುಂಡಿ ಒಟ್ಟಿಗೆ, ಒಂದು ಸಲ.
ಕೈತಪ್ಪಿ ಒತ್ತಿದಿರಾ?
‘ತಪ್ಪ್ಯಾಕ? ಆವಾಗೊಮ್ಮೆ ಅರಿವಿ ಆಗಿತ್ತು.’

ತಲೆಯ ಅಂಟನ್ನು ನಳದ ಕೆಳಗೆ ತೊಳೆದು
ಬಸ್ ಚಾರ್ಜಿನ ಲಕೋಟೆ ಕುಪ್ಪಸಕ್ಕೆ ಸೇರಿಸಿ ಆಕೆ ಹೋದಳು.
ನಿಯಮದಂತೆ ಆ ಎರಡು ಸೆಕೆಂಡು ಕತ್ತರಿಸಿ ಬಿಸಾಡಬೇಕು.
ಕರ್ಸರ್ ಇಟ್ಟು ಕೂತೆ, ದೊಡ್ಡದು ಮಾಡಿ ನೋಡಿದೆ, ಇನ್ನೂ ದೊಡ್ಡದು.
ಕಣ್ಣು ಮಿಟುಕಿದ ಗದ್ದಲ ಬಿಟ್ಟರೆ
ಗೆರೆಗಳು ಎಂದಿನ ಗೆರೆಗಳೇ.
ಅಲ್ಲೇ ಐತೇನೋ.
ಕಾಣವಲ್ದು.